ಎರಡನೆಯ ಪುಟ

ಮಾರ್ಚ್ ೩, ಸೋಮವಾರ

ಬಂಧನ ಪರಿಶೀಲನಾ ಮಂಡಳಿಗೆ ಹೊಸ ಅಧ್ಯಕ್ಷರು ಬಂದರು. ನಿವೃತ್ತ ನ್ಯಾಯಾಧೀಶರು, ತೆಳ್ಳಗಿನ ಮನುಷ್ಯ, ಮಾತೂ ಮೆಲ್ಲಗೆ. ಬಂದವರೇ ಫೈಲು ತರಿಸಿಕೊಂಡು ಕನ್ನಡಕ ಏರಿಸಿ ಇಳಿಸಿ ನೋಡಿ, "ಇದೇನ್ರೀ ಇದು, ಇರುವೆ ಸಾಲಿಗೆ ನೀರು ಚೆಲ್ಲಿದ ಹಾಗಿದೆ?" ಎಂದರು.

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಬಂಧನದ ಆದೇಶವನ್ನು ಮೂರು ತಿಂಗಳಿಗೊಮ್ಮೆ ನವೀಕರಿಸಬೇಕು. ಹೆಸರು, ವಿಳಾಸ, ತಾರೀಖು ಇರುವ ಮೊದಲ ಪುಟವನ್ನು ಪ್ರತಿ ಸಲ ಹೊಸದಾಗಿ ಟೈಪ್ ಮಾಡುತ್ತೇವೆ. ಅದು ಬಂಧಿತನ ಮನೆಯವರಿಗೂ ಹೋಗುತ್ತದೆ. ಬಂಧನದ ಕಾರಣಗಳಿರುವ ಎರಡನೆಯ ಪುಟ ಮಾತ್ರ ರಹಸ್ಯ. ಬಂಧಿತನಿಗೂ ತೋರಿಸುವಂತಿಲ್ಲ, ಅವನ ವಕೀಲನಿಗೂ ಇಲ್ಲ. ಅದು ಬದಲಾಗುವುದೂ ಇಲ್ಲವಾದ್ದರಿಂದ ಜೆರಾಕ್ಸ್ ಮಾಡಿ ಸೇರಿಸಿಬಿಡುತ್ತೇವೆ. ನಾಲ್ಕು ವರ್ಷದಲ್ಲಿ ಜೆರಾಕ್ಸಿನ ಜೆರಾಕ್ಸು ಆಗಿ ಅಕ್ಷರಗಳೆಲ್ಲ ಮಸಿಯಾಗಿವೆ.

ಆ ಪುಟದಲ್ಲಿ ಹೆಸರೂ ಇಲ್ಲ, ನಂಬರೂ ಇಲ್ಲ. 'ಸದರಿ ವ್ಯಕ್ತಿ' ಎಂದಷ್ಟೇ. ಕೈತಪ್ಪಿ ಯಾರಿಗಾದರೂ ಸಿಕ್ಕರೂ ಅದು ಯಾರ ಬಗ್ಗೆ ಎಂದು ತಿಳಿಯಬಾರದಲ್ಲ. ಈ ಉಪಾಯ ನನ್ನದು. ಕಾನೂನು ಬಂದ ಹೊಸದರಲ್ಲಿ ನಾನೇ ಸೂಚಿಸಿದ್ದೆ, ಒಂದು ಪ್ರಶಂಸಾಪತ್ರವೂ ಬಂದಿತ್ತು. ತಂಗಿ ಅದಕ್ಕೆ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದಾಳೆ.

ಅರವತ್ತೆರಡು ಫೈಲುಗಳ ಎರಡನೆಯ ಪುಟವನ್ನೂ ಹೊಸದಾಗಿ ಟೈಪ್ ಮಾಡಬೇಕಂತೆ. "ನಿಮ್ಮನ್ನ ತಪ್ಪಿಲ್ಲದಯ್ಯ ಅಂತಾರಂತೆ, ನೀವೇ ಮಾಡಿ" ಎಂದರು ಅಧ್ಯಕ್ಷರು. ಕಚೇರಿಯಲ್ಲಿ ನನಗಿರುವ ಅಡ್ಡಹೆಸರು ಒಂದೇ ದಿನದಲ್ಲಿ ಅವರ ಕಿವಿಗೂ ಬಿದ್ದಿದೆ. ಇದು ಸಣ್ಣ ವಿಷಯವಲ್ಲ.

ಮಾರ್ಚ್ ೭, ಶುಕ್ರವಾರ

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾನು ಟೈಪ್ ಮಾಡಿದ್ದನ್ನು ಓದಿದವನಲ್ಲ. ಕಣ್ಣು ನೋಡುತ್ತದೆ, ಬೆರಳು ಒತ್ತುತ್ತದೆ, ನಡುವೆ ನನಗೇನು ಕೆಲಸ? ಆದರೆ ಈಗ ಮಸಿಯಾದ ಅಕ್ಷರ ಊಹಿಸಬೇಕಾದ್ದರಿಂದ ಓದಲೇಬೇಕಾಗಿದೆ.

ಮೂವತ್ತೆಂಟನೆಯ ಫೈಲು ಮೈ ಜುಮ್ಮೆನ್ನಿಸುವಂಥದ್ದು. 'ಸದರಿ ವ್ಯಕ್ತಿಯ ಬಲಗೈಯ ಕಿರುಬೆರಳು ಹಾಗೂ ಉಂಗುರಬೆರಳು ತುಂಡಾಗಿದ್ದು, ಸ್ಫೋಟಕ ತಯಾರಿಸುವಾಗ ಕಳೆದುಕೊಂಡಿರಬಹುದೆಂದು ಸಂಶಯಿಸಲಾಗಿದೆ.' ಇಂಥವರು ಒಳಗಿರುವುದರಿಂದಲೇ ನನ್ನ ತಂಗಿ ನೆಮ್ಮದಿಯಾಗಿ ಬಸ್ಸು ಹತ್ತುವಂತಾಗಿದೆ. ಅವಳು ಹತ್ತುವುದಿಲ್ಲ ಎನ್ನುವುದು ಬೇರೆ ಮಾತು. ನಾಲ್ಕು ವರ್ಷದ ಹಿಂದೆ ಬಸ್ ನಿಲ್ದಾಣದಲ್ಲಿ ಬಾಂಬು ಸಿಡಿದು ಇಪ್ಪತ್ತಮೂರು ಜನ ಸತ್ತ ದಿನ ಅವಳು ಟಿಕೆಟಿನ ಸಾಲಿನಲ್ಲಿದ್ದಳು. ಎಡಗಿವಿ ಅಲ್ಲೇ ಹೋಯಿತು. ಅಂದಿನಿಂದ ಗ್ರಂಥಾಲಯದ ಕೆಲಸಕ್ಕೆ ನಡೆದೇ ಹೋಗುತ್ತಾಳೆ, ಹೋಗುತ್ತಾ ನಾಲ್ಕು ಮೈಲಿ, ಬರುತ್ತಾ ನಾಲ್ಕು ಮೈಲಿ.

ಮಾರ್ಚ್ ೧೧, ಮಂಗಳವಾರ

ಇವತ್ತು ವಿಚಾರಣೆ. ಇಷ್ಟು ವರ್ಷ ನಾನು ಆ ಕೋಣೆಯೊಳಗೆ ಕೂತವನಲ್ಲ. ಹೊಸ ಅಧ್ಯಕ್ಷರು, ನಡೆದದ್ದೆಲ್ಲ ಬರೆದುಕೊಳ್ಳಲು ಟೈಪಿಸ್ಟು ಬೇಕೆಂದರು. ಒಬ್ಬೊಬ್ಬರಿಗೆ ಏಳು ನಿಮಿಷ.

ಮೂವತ್ತೆಂಟನೆಯವನನ್ನು ಕರೆತಂದರು. ಮೂವತ್ತೈದರ ಆಸುಪಾಸು, ಕಿವಿಯ ಮೇಲೆ ಆಗಲೇ ನರೆ. ಬಾಗಿಲು ತೆರೆದೇ ಇದ್ದರೂ ಕಾವಲಿನವನು ಹೇಳುವವರೆಗೆ ಹೊಸಿಲ ಹೊರಗೆ ನಿಂತಿದ್ದ.

"ಏನಾದ್ರೂ ಹೇಳೋದಿದೆಯಾ?" ಎಂದರು ಅಧ್ಯಕ್ಷರು.

"ನಾನೇನು ಮಾಡಿದೀನಿ ಅಂತ ನೀವು ಹೇಳಿದ್ರೆ, ಮಾಡಿದೀನೋ ಇಲ್ವೋ ಅಂತ ನಾನು ಹೇಳ್ತೀನಿ ಸಾರ್."

"ಅದನ್ನ ಹೇಳೋಕೆ ಅವಕಾಶ ಇಲ್ಲ. ನಾನು ಮಾಡಿಲ್ಲ ಅಂತ ಬೇಕಾದ್ರೆ ಹೇಳಿ, ಬರ್ಕೋತೀವಿ."

"ಏನನ್ನ ಮಾಡಿಲ್ಲ ಅಂತ ಹೇಳಲಿ?"

ಅಧ್ಯಕ್ಷರು ಗಡಿಯಾರ ನೋಡಿದರು. ರಿಜಿಸ್ಟರಿಗೆ ಸಹಿ ಹಾಕಿಸುವುದು ನನ್ನ ಪಾಲಿಗೆ ಬಂತು. ಅವನು ಎಡಗೈಯಿಂದ ಪುಟ ಒತ್ತಿ ಹಿಡಿದು ಬಲಗೈಯಲ್ಲಿ ಬರೆದ. ಕಿರುಬೆರಳು, ಉಂಗುರಬೆರಳು ಎರಡೂ ಹಾಳೆಯ ಮೇಲೆ ನೆಟ್ಟಗೆ ಕೂತಿದ್ದವು. ಉಗುರುಗಳನ್ನು ನೀಟಾಗಿ ಕತ್ತರಿಸಿಕೊಂಡಿದ್ದ.

ಹದಿನೈದನೆಯ ನವೀಕರಣ. ಅನುಮೋದಿಸಲಾಗಿದೆ.

ಮಾರ್ಚ್ ೧೨, ಬುಧವಾರ

ಬೇರೆ ಯಾರದೋ ಕೈ ನೋಡಿರಬೇಕು. ಒಂದೇ ದಿನ ಇಪ್ಪತ್ತು ಜನರ ಸಹಿ ಹಾಕಿಸಿದರೆ ಕಣ್ಣು ಮೋಸ ಮಾಡುವುದು ಸಹಜ. ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬಾರದು.

ಮಾರ್ಚ್ ೧೪, ಶುಕ್ರವಾರ

ತಲೆ ಕೆಟ್ಟಿದೆ. ಊಟದ ವಿರಾಮದಲ್ಲಿ ದಾಖಲೆ ಕೋಣೆಗೆ ಹೋಗಿ ಮೂವತ್ತೆಂಟರ ಅಕ್ಕಪಕ್ಕದ ಹಳೆಯ ಫೈಲುಗಳನ್ನು ತೆಗೆದೆ.

ಮೂವತ್ತಾರನೆಯ ಫೈಲಿನ ಎರಡನೆಯ ಪುಟ: 'ಸದರಿ ವ್ಯಕ್ತಿಯು ಘಟನೆಗೆ ಒಂದು ವಾರ ಮುಂಚೆ ಬಸ್ ನಿಲ್ದಾಣದ ಲಿಫ್ಟ್ ರಿಪೇರಿ ಮಾಡಿರುತ್ತಾನೆ. ಅದನ್ನು ಬಿಟ್ಟು ಬೇರೇನೂ ತಿಳಿದುಬಂದಿಲ್ಲ.' ಅವನನ್ನು ಮೊದಲ ಪರಿಶೀಲನೆಯಲ್ಲೇ ಬಿಟ್ಟಿದ್ದಾರೆ. ಆದರೆ ಮೊದಲ ಪುಟದಲ್ಲಿ ಅವನ ವಿಳಾಸ ಒಂದು ಮುದ್ರಣಾಲಯದ್ದು. ಮುದ್ರಣಾಲಯದವನಿಗೆ ಲಿಫ್ಟಿನಲ್ಲಿ ಏನು ಕೆಲಸ?

ಲಿಫ್ಟ್ ರಿಪೇರಿಯವನು ಯಾರೆಂದು ನನಗೆ ಗೊತ್ತು. ಮೂವತ್ತೆಂಟನೆಯವನ ತಾಯಿ ಪ್ರತಿ ಸೋಮವಾರ ಕೌಂಟರಿಗೆ ಬಂದು ಅರ್ಜಿ ಕೊಡುತ್ತಾಳೆ. ಅರ್ಜಿಯ ಮೊದಲ ಸಾಲೇ, 'ಲಿಫ್ಟ್ ರಿಪೇರಿ ಕೆಲಸದ ನನ್ನ ಮಗ.'

ಎರಡೂ ಆದೇಶದ ಮೇಲೆ ಒಂದೇ ತಾರೀಖು. ಕೆಳಗೆ ಟೈಪ್ ಮಾಡಿದವನ ಕಿರುಸಹಿ. ನನ್ನದೇ. ಆ ದಿನ ನನಗೆ ಚೆನ್ನಾಗಿ ನೆನಪಿದೆ, ತಂಗಿಯ ಕಿವಿಯ ಆಪರೇಷನ್ ಇತ್ತು. ಮಧ್ಯಾಹ್ನ ಆಸ್ಪತ್ರೆಯಿಂದ ಫೋನು ಬಂದಾಗ ಮೇಜಿನ ಮೇಲೆ ಎರಡು ಕಟ್ಟು ಬಿಚ್ಚಿಟ್ಟಿದ್ದೆ. ಸರಸರ ಪಿನ್ನು ಹೊಡೆದು ಓಡಿದ್ದೆ.

ಪುಟದ ಮೇಲೆ ಹೆಸರಿದ್ದಿದ್ದರೆ ಪಿನ್ನು ಹೊಡೆಯುವಾಗಲೇ ಕಣ್ಣಿಗೆ ಬೀಳುತ್ತಿತ್ತು.

ಮಾರ್ಚ್ ೧೭, ಸೋಮವಾರ

ಕೌಂಟರಿನ ಕೆಲಸ ಕಿರಿಯ ಟೈಪಿಸ್ಟಳದು. ನಾವೆಲ್ಲ ಗುಬ್ಬಿ ಎಂದು ಕರೆಯುವ ಹುಡುಗಿ, ಇಡೀ ದಿನ ಬಿಸ್ಕತ್ತು ಕುಕ್ಕುತ್ತಿರುತ್ತಾಳೆ. ಇವತ್ತು ಅವಳನ್ನು ಎಬ್ಬಿಸಿ ನಾನೇ ಕೂತೆ. ಯಾಕೆ ಕೂತೆನೋ ಗೊತ್ತಿಲ್ಲ.

ಮೂವತ್ತೆಂಟನೆಯವನ ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಾಳೆ. ಕೈಬೆರಳ ತುದಿಯೆಲ್ಲ ಬಿಳಿಚಿ ಸುಕ್ಕುಗಟ್ಟಿವೆ. ಹತ್ತೂ ಇವೆ.

"ಬಿಡಿ ಅಂತ ಕೇಳ್ತಿಲ್ಲಪ್ಪಾ. ಏನು ತಪ್ಪು ಮಾಡಿದಾನೆ ಅಂತ ಹೇಳಿ, ಸಾಕು. ಹೆತ್ತೋಳು ನಾನು, ಬೈಯೋಕಾದ್ರೂ ಗೊತ್ತಾಗ್ಬೇಡ್ವಾ?"

"ಅರ್ಜಿ ಪರಿಶೀಲನೆಯಲ್ಲಿದೆ, ಅಮ್ಮ."

ಸ್ವೀಕೃತಿಯ ಮುದ್ರೆ ಒತ್ತಿಕೊಟ್ಟೆ. ಬಲಗೈಯ ಕೊನೆಯ ಎರಡು ಬೆರಳು ಬೆಳಗಿನಿಂದ ಜೋಮು ಹಿಡಿದಂತಿವೆ. ಚಳಿ ಇರಬೇಕು.

ಮಾರ್ಚ್ ೨೩, ಭಾನುವಾರ

ಊಟಕ್ಕೆ ಕೂತಾಗ, ಯಾವುದೋ ಪತ್ರಿಕೆಯಲ್ಲಿ ಓದಿದವನಂತೆ ತಂಗಿಯನ್ನು ಕೇಳಿದೆ. ಅವಳ ಬಲಗಡೆಗೇ ಕೂತಿದ್ದೆ, ಆ ಕಿವಿ ಸರಿಯಾಗಿ ಕೇಳುತ್ತದೆ.

"ಈ ಬಂಧನದಲ್ಲಿರೋರಲ್ಲಿ ಒಬ್ಬ ತಪ್ಪಾಗಿ ಸಿಕ್ಕಿಹಾಕ್ಕೊಂಡಿದ್ರೆ?"

ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. "ನನ್ನ ಕಿವಿಯೂ ತಪ್ಪಾಗೇ ಹೋಗಿದ್ದು ಅಣ್ಣ. ಯಾರೂ ನನ್ನನ್ನೇ ಗುರಿ ಇಟ್ಟಿರ್ಲಿಲ್ಲ."

"ಅದಕ್ಕೆ?"

"ಅದಕ್ಕೇನಿಲ್ಲ. ಒಳಗಿರ್ಲಿ ಬಿಡು. ನನಗೆ ನಡೆಯೋ ದಾರಿ ಖಾಲಿ ಇದ್ರೆ ಸಾಕು."

ಪಕ್ಕದ ಮನೆಯ ಬಾಗಿಲು ಗಾಳಿಗೆ ಧಡಾರನೆ ಬಡಿಯಿತು. ಅವಳ ಕೈಯ ಲೋಟ ನೆಲಕ್ಕೆ ಬಿದ್ದು ಒಡೆಯಿತು. ಚೂರುಗಳನ್ನು ಆರಿಸುತ್ತಾ ಸಮಾಧಾನವಾಯಿತು. ನಾನೊಬ್ಬನೇ ಹೊತ್ತುಕೊಳ್ಳಬೇಕಾದ ಪಾಪವೇನಲ್ಲ ಇದು. ಮೂವತ್ತೆಂಟನೆಯವನು ಬೇರೆ ಏನಾದರೂ ಮಾಡಿರಬಹುದು.

ಏಪ್ರಿಲ್ ೧, ಮಂಗಳವಾರ

ಗುಬ್ಬಿ ನಾನು ಟೈಪ್ ಮಾಡಿದ ಪತ್ರ ತಂದು ತೋರಿಸಿದಳು. ಒಂದೇ ಪುಟದಲ್ಲಿ ಏಳು ತಪ್ಪು. "ಸಾರ್, ಇವತ್ತು ಮೂರ್ಖರ ದಿನ ಅಂತ ತಮಾಷೆಗೆ ಮಾಡಿದ್ರಾ?" ಎಂದಳು. ಕೀಬೋರ್ಡು ಹಳತಾಗಿದೆ, ಬಲಗಡೆಯ ಕೀಲಿಗಳು ಸರಿಯಾಗಿ ಒತ್ತುವುದಿಲ್ಲ. ಬದಲಾಯಿಸಲು ಚೀಟಿ ಕೊಟ್ಟಿದ್ದೇನೆ.

ಏಪ್ರಿಲ್ ೫, ಶನಿವಾರ

ಮುದ್ರಣಾಲಯ ಹುಡುಕಿಕೊಂಡು ಹೋದೆ. ಚರಂಡಿ ಪಕ್ಕದ ಓಣಿ, ಮಸಿಯ ವಾಸನೆ, ಕಿವಿ ಗಡಚಿಕ್ಕುವ ಯಂತ್ರ. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಗುಂಡಗಿನ ಮನುಷ್ಯನೊಬ್ಬ ಎದ್ದು ಬಂದ. ಬಲಗೈಯಲ್ಲಿ ಮೂರೇ ಬೆರಳು.

ನಾನು ನೋಡಿದ್ದನ್ನು ಅವನು ನೋಡಿದ. ನಕ್ಕ. "ಕಾಗದ ಕತ್ತರಿಸೋ ಯಂತ್ರ ತಿಂದುಬಿಡ್ತು ಸಾರ್. ಹತ್ತೊಂಬತ್ತನೇ ವಯಸ್ಸಲ್ಲಿ. ಉಳಿದದ್ದು ಮೂರಾದ್ರೂ ಕೆಲಸ ಆರರದ್ದು." ಅಷ್ಟು ಹೇಳಿ, ಆ ಮೂರು ಬೆರಳಿನಿಂದಲೇ ಕಾಗದದ ಕಟ್ಟಿಗೆ ದಾರ ಸುತ್ತಿ, ನಾನು ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕಿದ. ನಾಲ್ಕು ವರ್ಷದ ಹಿಂದೆ ಮೂರು ತಿಂಗಳು ಒಳಗಿದ್ದದ್ದನ್ನೂ ತಾನೇ ಹೇಳಿದ. "ಯಾಕೆ ಹಿಡಿದ್ರೋ ಯಾಕೆ ಬಿಟ್ರೋ, ದೇವರಿಗೇ ಗೊತ್ತು."

"ಏನು ಅಚ್ಚು ಹಾಕಿಸ್ಬೇಕಿತ್ತು?" ಎಂದು ಕೇಳಿದ. ಬಾಯಿಗೆ ಬಂದದ್ದು ಹೇಳಿದೆ, ವಿಸಿಟಿಂಗ್ ಕಾರ್ಡು ಎಂದು. ಹೆಸರು ಬರೆದುಕೊಂಡ. "ಏನು ಕೆಲಸ ಅಂತ ಹಾಕ್ಲಿ ಸಾರ್?" ಎಂದ. ಆಮೇಲೆ ಬರುತ್ತೇನೆಂದು ಹೊರಬಿದ್ದೆ.

ದಾರಿಯುದ್ದಕ್ಕೂ ಒಂದೇ ಯೋಚನೆ. ಆ ಪುಟ ಸರಿಯಾದ ಫೈಲಿನಲ್ಲಿ ಇದ್ದಿದ್ದರೆ ಈ ಮನುಷ್ಯ ಇವತ್ತಿಗೂ ಒಳಗಿರುತ್ತಿದ್ದ. ನಾಲ್ಕು ವರ್ಷ ಹೊರಗಿದ್ದು ಇವನು ಮಾಡಿದ್ದಾದರೂ ಏನು? ಮದುವೆ ಕಾಗದ ಅಚ್ಚು ಹಾಕಿದ್ದಾನೆ.

ಏಪ್ರಿಲ್ ೧೫, ಮಂಗಳವಾರ

ಕೋಣೆಯ ಬಾಗಿಲು ಯಾಕೆ ಯಾವಾಗಲೂ ತೆರೆದಿಡುತ್ತೀಯ ಎಂದು ತಂಗಿ ಕೇಳಿದಳು. ಸೆಖೆ ಎಂದೆ. ಸ್ವೆಟರು ಹಾಕಿಕೊಂಡು ಸೆಖೆ ಅಂತೀಯಲ್ಲ ಎಂದಳು.

ಅಂಗಡಿಯವನು, ಬಸ್ ಕಂಡಕ್ಟರು, ಕ್ಷೌರದವನು, ಎಲ್ಲರಿಗೂ ಹತ್ತು ಬೆರಳು.

ಏಪ್ರಿಲ್ ೧೮, ಶುಕ್ರವಾರ

ಏನೂ ಇಲ್ಲ.

ಏಪ್ರಿಲ್ ೨೩, ಬುಧವಾರ

ಅಧ್ಯಕ್ಷರಿಗೆ ಹೇಳಿದೆ. ಎರಡೂ ಪುಟ ಮುಂದಿಟ್ಟು, ಆಪರೇಷನ್ನಿನ ದಿನದಿಂದ ಮೂರು ಬೆರಳಿನವನವರೆಗೆ ಒಂದೂ ಬಿಡದೆ ಹೇಳಿದೆ. ಅವರು ಬೈಯಲಿಲ್ಲ. ಚಹಾ ತರಿಸಿದರು, ನನಗೇ ಬಗ್ಗಿಸಿಕೊಟ್ಟರು.

"ಯಾರಿಗಾದ್ರೂ ಹೇಳಿದೀರಾ?"

"ಇಲ್ಲ ಸಾರ್."

"ಒಳ್ಳೇದು. ಕಾರಣದಲ್ಲಿ ತಪ್ಪಿದ್ದ ಮಾತ್ರಕ್ಕೆ ಆದೇಶ ಬಿದ್ದುಹೋಗಲ್ಲ. ತಿದ್ದಿದ್ರೆ ಆಯ್ತು, ಕಾನೂನಲ್ಲಿ ಅವಕಾಶ ಇದೆ."

"ಲಿಫ್ಟಿನ ಪುಟ ಹಾಕಿದ್ರೆ ಅವನನ್ನ ಬಿಡ್ಬೇಕಾಗುತ್ತಲ್ವಾ ಸಾರ್? ಅದೇ ಪುಟ ನೋಡಿ ಇನ್ನೊಬ್ಬನನ್ನ ಬಿಟ್ಟಿದೀವಿ."

ಅವರು ಕಿಟಕಿಯ ಕಡೆ ತಿರುಗಿದರು. "ಆವತ್ತಾದ್ರೆ ಬಿಡಬಹುದಿತ್ತು. ಈಗ ಸುಮಾರು ನಾಲ್ಕು ವರ್ಷ ಆಗಿದೆ. ಏನಾದ್ರೂ ಮಾಡಿ ಒಳಗಿದ್ದವನಿಗೆ ಅಷ್ಟೊಂದು ಸಿಟ್ಟಿರಲ್ಲ. ಏನೂ ಮಾಡದೆ ಒಳಗಿದ್ದವನಿಗೆ ನಮ್ಮ ಮೇಲೆ ಎಷ್ಟು ದ್ವೇಷ ಇರುತ್ತೆ, ಯೋಚ್ನೆ ಮಾಡಿ. ಅಂಥವನನ್ನ ಹೊರಗೆ ಬಿಟ್ಟು ನಾಳೆ ಇನ್ನೊಂದು ಬಸ್ ನಿಲ್ದಾಣ ಹೋದ್ರೆ? ಸಹಿ ನನ್ನದು. ಸತ್ತವರ ಮನೆಯೋರಿಗೆ ಏನಂತ ಹೇಳಲಿ? ಬೆರಳು ಎಣಿಸಿ ಬಿಟ್ಟೆ ಅಂತಲಾ?"

ನನ್ನ ಲೋಟಕ್ಕೆ ಮತ್ತಷ್ಟು ಚಹಾ ಬಗ್ಗಿಸಿದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬರ್ಕೊಳ್ಳಿ," ಎಂದರು. 'ಸದರಿ ವ್ಯಕ್ತಿಯು ದೀರ್ಘಕಾಲ ಬಂಧನದಲ್ಲಿದ್ದ ಕಾರಣ ವ್ಯವಸ್ಥೆಯ ಮೇಲೆ ದ್ವೇಷ ಬೆಳೆಸಿಕೊಂಡಿರುವ ಸಾಧ್ಯತೆಯಿದ್ದು, ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ಬಂಧನ ಮುಂದುವರಿಸುವುದು ಸೂಕ್ತ.' ಈ ಪುಟವನ್ನು ಇನ್ನು ಯಾವತ್ತೂ ತಿದ್ದಬೇಕಾಗಿಲ್ಲ. ಅವನು ಒಳಗಿದ್ದಷ್ಟೂ ಅದು ಹೆಚ್ಚು ಹೆಚ್ಚು ನಿಜವಾಗುತ್ತಾ ಹೋಗುತ್ತದೆ.

ನಾನು ಟೈಪ್ ಮಾಡಿದೆ. ಒಂದೂ ತಪ್ಪಿರಲಿಲ್ಲ.

ಏಪ್ರಿಲ್ ೨೪, ಗುರುವಾರ

ರಜೆ ಹಾಕಿದೆ.

ಏಪ್ರಿಲ್ ೨೫, ಶುಕ್ರವಾರ

ರಜೆ. ತಂಗಿ ಹಣೆ ಮುಟ್ಟಿ ನೋಡಿದಳು, ಜ್ವರವಿಲ್ಲ. ಕೆಲಸಕ್ಕೆ ಹೊರಡುವಾಗ ಅಭ್ಯಾಸಬಲದಿಂದ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋದಳು. ನನ್ನ ಹತ್ತಿರ ಇನ್ನೊಂದು ಕೀಲಿ ಇದೆ, ಒಳಗಿನಿಂದಲೇ ತೆಗೆಯಬಹುದು. ತೆಗೆಯಲಿಲ್ಲ. ಅವಳು ಬರುವವರೆಗೆ ಬಾಗಿಲ ಹತ್ತಿರವೇ ಕೂತಿದ್ದೆ. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಮೇ ೪, ಭಾನುವಾರ

ತಂಗಿಗೆ ಹೇಳಿಬಿಟ್ಟೆ. ರಹಸ್ಯ ಕಾಯುವ ಪ್ರತಿಜ್ಞೆ ಮುರಿದದ್ದು ಇದೇ ಮೊದಲು. ಅವಳು ಎದ್ದು ಹಜಾರಕ್ಕೆ ಹೋಗಿ ಪ್ರಶಂಸಾಪತ್ರದ ಮುಂದೆ ನಿಂತಳು. ಕಿತ್ತು ಬಿಸಾಡುತ್ತಾಳೆಂದುಕೊಂಡೆ. ಗಾಜಿನ ಧೂಳು ಸೆರಗಿನಿಂದ ಒರೆಸಿ ಬಂದು ಕೂತಳು.

"ನನ್ನ ಆಪರೇಷನ್ ಇಲ್ದಿದ್ರೆ ಆಗ್ತಿರ್ಲಿಲ್ಲ ಅಲ್ವಾ?"

"ಹಾಗಲ್ಲಮ್ಮ."

"ಹಾಗೇ. ನಾನು ಹಾಸಿಗೆ ಮೇಲೆ ಮಲಗಿ, ನೀನು ಬರೋದು ತಡವಾಯ್ತು ಅಂತ ಅತ್ತಿದ್ದೆ." ಆಮೇಲೆ, "ಅವನ ತಾಯಿಗೆ ಗೊತ್ತಾ?" ಎಂದಳು.

"ಹೇಳಿದ್ರೆ ಅದೇ ಕಾನೂನು ನನ್ನ ಮೇಲೂ ಬರುತ್ತೆ."

ಅವಳು ಏನೂ ಹೇಳಲಿಲ್ಲ. ಹೇಳು ಎಂದಿದ್ದರೂ ಆಗುತ್ತಿತ್ತು, ಬೇಡ ಎಂದಿದ್ದರೂ ಆಗುತ್ತಿತ್ತು. ನನ್ನ ತಂಗಿಯ ಮೇಲೆ ನನಗೆ ಇಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಮೇ ೧೨, ಸೋಮವಾರ

ಬೆಳಿಗ್ಗೆ ಹತ್ತೂ ಕಾಲಿಗೆ ಲಿಫ್ಟಿನವನ ತಾಯಿ ಬಂದಳು. ಅರ್ಜಿ ಕೊಟ್ಟಳು. ನಾನು ಮುದ್ರೆ ಒತ್ತಲಿಲ್ಲ. ಮೇಜಿನ ಖಾನೆಯಿಂದ ಮೂರು ಹಾಳೆ ತೆಗೆದೆ: ಬೆರಳಿನದು, ಲಿಫ್ಟಿನದು, ದ್ವೇಷದ್ದು. ಅವಳು ಕನ್ನಡಕ ತಂದಿರಲಿಲ್ಲ. ನಾನೇ ಓದಿದೆ. ಪಿಸುಗುಟ್ಟಿ ಓದಬೇಕೆಂದಿದ್ದೆ. ಆದರೆ ದನಿ ತಾನಾಗಿಯೇ ದೊಡ್ಡದಾಯಿತು. ಗುಬ್ಬಿ ಬಿಸ್ಕತ್ತು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟಳು.

"ಬೆರಳಾ?" ಎಂದಳು ತಾಯಿ. "ನನ್ನ ಮಗನಿಗೆ ಹತ್ತೂ ಇವೆಯಲ್ಲಪ್ಪಾ."

"ಹೌದಮ್ಮ. ನಾನೇ ನೋಡಿದೀನಿ."

ಮೊದಲು ಅವಳಿಗೆ ನಗು ಬಂತು, ಸೆರಗು ಬಾಯಿಗೊತ್ತಿ ನಕ್ಕಳು. ಆಮೇಲೆ ಕೌಂಟರಿನ ಕಟ್ಟೆ ಹಿಡಿದುಕೊಂಡಳು. "ಇಷ್ಟೇನಾ? ಇಷ್ಟಕ್ಕಾ? ಮೊದಲ ದಿನವೇ ಹೇಳಿದ್ದಿದ್ರೆ ಕೈ ಎತ್ತಿ ತೋರಿಸಿಬಿಡ್ತಿದ್ನಲ್ಲೋ ಅಪ್ಪಾ!"

ನನ್ನಿಂದ ಆದ ತಪ್ಪು ಎಂದೆ. ಅವಳಿಗೆ ಕೇಳಿಸಿತೋ ಇಲ್ಲವೋ. ಹಾಳೆಗಳನ್ನು ಲಕೋಟೆಯಲ್ಲಿಟ್ಟು, ಇವತ್ತೇ ವಕೀಲರ ಹತ್ತಿರ ಹೋಗಿ ಎಂದು ಕೊಟ್ಟೆ. ಅವಳು ಕಾಲಿಗೆ ಬೀಳಲಿಲ್ಲ, ಧನ್ಯವಾದ ಹೇಳಲಿಲ್ಲ. ಯಾಕೆ ಹೇಳಬೇಕು?

ಆಮೇಲೆ ಸಂಜೆಯವರೆಗೆ ಹನ್ನೆರಡು ಪತ್ರ ಟೈಪ್ ಮಾಡಿದೆ. ಕೀಬೋರ್ಡು ಸರಿಹೋಗಿದೆ, ಯಾರು ಬದಲಾಯಿಸಿದರೋ.

ಜೂನ್ ೬, ಶುಕ್ರವಾರ

ಲಿಫ್ಟಿನವನು ಮನೆಗೆ ಬಂದಿದ್ದಾನೆ. ಅವನ ತಾಯಿಯೇ ನಮ್ಮ ಮನೆ ಹುಡುಕಿಕೊಂಡು ಬಂದು ಹೇಳಿದಳು. ಮೇಲಿನ ಕೋರ್ಟಿನಲ್ಲಿ ನ್ಯಾಯಾಧೀಶೆ ಬೆರಳಿನ ಪುಟ ಓದಿ, ಕನ್ನಡಕ ತೆಗೆದು, "ಕೈ ಎತ್ತಿ" ಎಂದರಂತೆ. ಎರಡೂ ಕೈ ಎತ್ತಿದನಂತೆ. ಇಳಿಸಿ ಎಂದು ಹೇಳುವುದನ್ನು ಎಲ್ಲರೂ ಮರೆತರಂತೆ. ವಕೀಲರೇ ಹೋಗಿ ಅವನ ಕೈ ಇಳಿಸಬೇಕಾಯಿತಂತೆ.

"ಊಟ ಮಾಡ್ತಾನಾ?" ಎಂದು ತಂಗಿ ಕೇಳಿದಳು.

"ಮಾಡ್ತಾನೆ. ಬಾಗಿಲು ಮಾತ್ರ ತಾನಾಗಿ ತೆಗೆಯಲ್ಲ ನೋಡಮ್ಮ. ಚಿಲಕ ಒಳಗೇ ಇದೆ, ಮುಂದೆ ನಿಂತಿರ್ತಾನೆ. ನಾನು ಹೋಗಿ ತೆಗೀಬೇಕು. ಲಿಫ್ಟಿನ ಬಾಗಿಲಲ್ಲೇ ಜೀವನ ಮಾಡಿದವನು."

ನನಗೆ ಸಂತೋಷವಾಗಬೇಕಿತ್ತು. ಆಗಿದೆ ಕೂಡ. ಆದರೆ ಅವನನ್ನು ಎದುರಿಗೆ ನೋಡುವ ಧೈರ್ಯ ನನಗಿಲ್ಲ, ಯಾವತ್ತೂ ಬರುವುದಿಲ್ಲ. ಇನ್ನೂ ಅರವತ್ತೊಂದು ಫೈಲು ಕಪಾಟಿನಲ್ಲಿವೆ. ಅವುಗಳಲ್ಲಿ ಎಷ್ಟಕ್ಕೆ ಪಿನ್ನು ಹೊಡೆದವನು ನಾನು?

ಜೂನ್ ೨೦, ಶುಕ್ರವಾರ

ಅಮಾನತು ಪತ್ರ ಬಂದು ಒಂದು ವಾರ. ಇವತ್ತು ಮಧ್ಯಾಹ್ನ ಗುಬ್ಬಿ ಬಂದಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ, ಮೆಟ್ಟಿಲ ಮೇಲೆ ನಿಂತೇ ಅತ್ತಳು.

"ನಿಮ್ಮ ಬಂಧನದ ಆದೇಶ ನನ್ನ ಕೈಲೇ ಟೈಪ್ ಮಾಡಿಸಿದ್ರು ಸಾರ್. ನಾಳೆ ಬೆಳಿಗ್ಗೆ ಬರ್ತಾರೆ."

"ತಪ್ಪಿಲ್ಲದೆ ಮಾಡಿದೀಯ ತಾನೆ?" ಎಂದೆ. ಅವಳು ಇನ್ನೂ ಜೋರಾಗಿ ಅತ್ತಳು. ಎರಡನೆಯ ಪುಟದಲ್ಲಿ ಏನಿದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ಅವಳೂ ನನ್ನ ಹಿಂದೆಯೇ ಬರಬೇಕಾಗುತ್ತದೆ.

ತಂಗಿ ಅಟ್ಟದಿಂದ ಚೀಲ ಇಳಿಸಿದ್ದಾಳೆ. ಬೆಳಿಗ್ಗೆ ಚಹಾ ಕುಡಿದು ಹೋಗಲು ಬಿಡುತ್ತಾರಾ ಎಂದು ಕೇಳಿದಳು. ಬಿಡುತ್ತಾರೆ, ಅವರೂ ಮನುಷ್ಯರೇ ಎಂದೆ. ಈ ದಿನಚರಿಯನ್ನು ಎಲ್ಲಿಡಬೇಕೆಂದು ಕೇಳಿದೆ. ಗ್ರಂಥಾಲಯದಲ್ಲಿ ಯಾರೂ ಮುಟ್ಟದ ಕಪಾಟು ಒಂದಿದೆಯಂತೆ.

"ಎಷ್ಟು ದಿನಕ್ಕೆ ಬಟ್ಟೆ ಇಡಲಿ ಅಣ್ಣ?"

"ಮೂರು ತಿಂಗಳಿಗೆ," ಎಂದೆ. "ಕಾನೂನಿನಲ್ಲಿ ಅಷ್ಟೇ ಇರೋದು."

ಅವಳು ತಲೆಯಾಡಿಸಿದಳು. ನನ್ನ ತೆಳು ಅಂಗಿಗಳನ್ನು ಮಡಿಸಿಟ್ಟಳು. ಅದರ ಮೇಲೆ ಮಳೆಯ ಕೋಟು ಇಟ್ಟಳು. ಸ್ವಲ್ಪ ಹೊತ್ತು ಚೀಲವನ್ನೇ ನೋಡುತ್ತಾ ಕೂತಳು. ಆಮೇಲೆ ಬೀರು ತೆರೆದು, ಚಳಿಗಾಲದ ಉಣ್ಣೆಯ ಸ್ವೆಟರು ಎರಡೂ ತಂದು, ನನ್ನ ಮುಖ ನೋಡದೆ ತಳಕ್ಕೆ ತುರುಕಿದಳು.